ಈಗಿನವರಿಗೆ ಎಲ್ಲ ಸುಲಭ

 

ಇವತ್ತಿನ ಚಿಂತನೆ ಒಂದು ಮೊಬೈಲ್ ಆಟದಿಂದ ಶುರುವಾಗುತ್ತದೆ. 'ಮೇಷ್ಟ್ರಿಗೆ ಏನಾಯ್ತಪ್ಪ' ಎಂದು ಹಿರಿಯರು ನಗಬಹುದು. ಬ್ರಹ್ಮಜಾಲ ಸುತ್ತದಲ್ಲಿ ಸಮಣ ಗೋತಮರು ದೂರವಿಟ್ಟ ಆಟಗಳ ಉದ್ದದ ಪಟ್ಟಿಯೇ ಇದೆ. ಎಂಟು ಮನೆ, ಹತ್ತು ಮನೆಯ ಹಾಸಿನಾಟ, ದಾಳದಾಟದಿಂದ ಹಿಡಿದು ಮಕ್ಕಳ ಆಟದ ನೇಗಿಲಿನವರೆಗೆ. ಅದು ಮನೆ ಬಿಟ್ಟವರ ಶೀಲ. ಸಂಸಾರಸ್ಥರಾದ ನಮಗೆ ಸ್ವಲ್ಪ ರಿಯಾಯಿತಿ ಇದೆ ಎಂದುಕೊಂಡು ಮುಂದುವರಿಯುತ್ತೇನೆ. ಪಂಚಶೀಲ ತೆಗೆದುಕೊಂಡವರು ಯುದ್ಧದ ಆಟ ಆಡಬಹುದೇ ಎಂಬ ಪ್ರಶ್ನೆ ಇನ್ನೊಂದು ದಿನಕ್ಕಿರಲಿ.

ಆಟದ ಹೆಸರು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್. ಫಿನ್‌ಲೆಂಡಿನ ಸೂಪರ್‌ಸೆಲ್ ಎಂಬ ಕಂಪನಿಯದು. 2012ರ ಆಗಸ್ಟಿನಲ್ಲಿ ಐಫೋನಿಗೆ ಬಂತು, 2013ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿಗೆ. ನಮ್ಮ ಕಡೆ ಆಗ ಐಫೋನ್ ಯಾರ ಹತ್ತಿರ ಇತ್ತು? ಹಾಗಾಗಿ ನಂಜನಗೂಡು, ತಿ. ನರಸೀಪುರದ ಲೆಕ್ಕದಲ್ಲಿ ಅದು 2014ರ ಆಟ. ಆಡುವ ಪ್ರತಿಯೊಬ್ಬರಿಗೂ ಒಂದೊಂದು ಊರು. ಊರ ನಡುವೆ ಟೌನ್ ಹಾಲ್, ಸುತ್ತ ಚಿನ್ನದ ಗಣಿ, ಫಿರಂಗಿ, ಗೋಡೆ. ಬೇರೆಯವರ ಊರಿಗೆ ನುಗ್ಗಿ ಚಿನ್ನ ತರಬೇಕು, ನಮ್ಮ ಊರನ್ನು ಕಾಯಬೇಕು. ಐವತ್ತು ಜನರವರೆಗೆ ಸೇರಿ ಒಂದು ಕ್ಲ್ಯಾನ್ ಮಾಡಿಕೊಳ್ಳಬಹುದು. 2014ರ ಏಪ್ರಿಲಿನಿಂದ ಕ್ಲ್ಯಾನುಗಳ ನಡುವೆ ಯುದ್ಧವೂ ಶುರುವಾಯಿತು. ನಮ್ಮ ಕ್ಲ್ಯಾನಿನಲ್ಲಿ ಇಲ್ಲಿನ ನಾಲ್ಕೈದು ಜನ ಮೇಷ್ಟ್ರುಗಳು, ಅವರ ತಮ್ಮಂದಿರು, ಭಾವಮೈದುನರು, ನಂಜನಗೂಡಿನ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ದುಡಿಯುವ ಹುಡುಗರು, ನರಸೀಪುರದ ಇಬ್ಬರು ಇದ್ದರು. ಮಿಕ್ಕವರು ಯಾರೋ, ಎಲ್ಲಿಯವರೋ.

ಆ ಆಟದಲ್ಲಿ ನಾವು ಮುಖ್ಯವಾಗಿ ಮಾಡುತ್ತಿದ್ದುದು ಕಾಯುವುದು. ಒಂದು ಡ್ರ್ಯಾಗನ್ ತಯಾರಾಗಲು ಅರ್ಧ ಗಂಟೆ. ಹತ್ತು ಡ್ರ್ಯಾಗನ್ ಬೇಕಾದರೆ ಲೆಕ್ಕ ನೀವೇ ಹಾಕಿ. ಅಷ್ಟು ಕಾದು, ಎಲಿಕ್ಸಿರ್ ಸುರಿದು ಸೈನ್ಯ ಕಟ್ಟಿದರೆ ಮೂರು ನಿಮಿಷದ ದಾಳಿಯಲ್ಲಿ ಎಲ್ಲ ಮುಗಿಯುತ್ತಿತ್ತು. ಮೇಲಿನ ಹಂತದ ಕಟ್ಟಡಗಳು ಎದ್ದು ನಿಲ್ಲಲು ವಾರ, ಕೆಲವಕ್ಕೆ ಎರಡು ವಾರ. ಗೋಡೆಯ ಒಂದೊಂದು ಕಲ್ಲಿಗೆ ಲಕ್ಷಗಟ್ಟಲೆ ಚಿನ್ನ, ಅಂಥ ಕಲ್ಲುಗಳು ನೂರಾರು. ಜಿಯೋ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಎಂಬಿ ಲೆಕ್ಕ ಹಾಕಿಕೊಂಡೇ ಆಡಬೇಕಿತ್ತು. ಆಟ ತೆರೆದೇ ಇದ್ದರೆ ನಮ್ಮ ಊರಿನ ಮೇಲೆ ಯಾರೂ ದಾಳಿ ಮಾಡುವಂತಿರಲಿಲ್ಲ. ಅದಕ್ಕಾಗಿ ರಾತ್ರಿ ಪಾಳಿಯ ಹುಡುಗರು ಕೂಡಿಟ್ಟ ಚಿನ್ನ ಉಳಿಸಿಕೊಳ್ಳಲು ನಡುನಡುವೆ ಸ್ಕ್ರೀನ್ ಮುಟ್ಟುತ್ತಲೇ ಇರುತ್ತಿದ್ದರು. ಹಣ ಕೊಟ್ಟು ಜೆಮ್ಸ್ ಕೊಂಡವನಿಗೆ ಕಾಯುವ ಗೋಜಿಲ್ಲ. ಕೊಳ್ಳಲಾಗದವನು ಕಾಯಬೇಕು. ಇದನ್ನು ಈ ಬಳಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2017ರಲ್ಲಿ ನನಗೆ ವರ್ಗವಾಯಿತು, ಆಟ ನಿಂತಿತು. ಮತ್ತೆ ಒಳಹೊಕ್ಕದ್ದು ಎಂಟು ವರ್ಷದ ಮೇಲೆ, 2025ರ ಬೇಸಿಗೆ ರಜೆಯಲ್ಲಿ.

ಊರು ಇದ್ದಲ್ಲೇ ಇತ್ತು. ಆದರೆ ಖಾಲಿ ಜಾಗವೆಲ್ಲ ಮರ, ಪೊದೆ, ಅಣಬೆ. ಈ ಆಟದಲ್ಲಿ ನಾವು ಇಲ್ಲದಾಗಲೂ ಗಿಡ ಬೆಳೆಯುತ್ತದೆ. ನಡುನಡುವೆ ಗೋರಿಕಲ್ಲುಗಳು. ಯಾವತ್ತೋ ನಡೆದ ದಾಳಿಯಲ್ಲಿ ಸೈನಿಕರು ಸತ್ತ ಗುರುತು. ದಡದಲ್ಲಿ ನನಗೆ ಗೊತ್ತಿಲ್ಲದ ಒಂದು ಮುರುಕು ದೋಣಿ. ಅದರ ಕಥೆ ಆಮೇಲೆ ತಿಳಿಯಿತು. ಊರು ಕಟ್ಟಿ ಕಟ್ಟಿ ಬಿಲ್ಡರ್ ಒಂದು ದಿನ ಊರನ್ನೇ ಬಿಟ್ಟು ಹೋದ ಎಂದು 2017ರ ಮೇ ತಿಂಗಳಲ್ಲಿ ಕಂಪನಿಯವರು ಕಥೆ ಮಾಡಿ, ಕಡಲಾಚೆ ಅವನಿಗೆ ಬೇರೆ ನೆಲೆ ಕೊಟ್ಟರಂತೆ. ಊರನ್ನು ಕಟ್ಟಿದವನೇ ಊರು ಬಿಡಬೇಕಾಗುವ ಕಥೆ ನಮಗೆ ಹೊಸದಲ್ಲ. ಇನ್ನೊಂದು ವಿಷಯ ಆಗ ಹೊಳೆದಿರಲಿಲ್ಲ, ಈಗ ಕಣ್ಣಿಗೆ ಬಿತ್ತು: ಆ ಊರಿಗೆ ಕೇರಿ ಇಲ್ಲ. ಊರಾಚೆ ಎಂಬುದೇ ಇಲ್ಲ, ಗೋಡೆಯಾಚೆ ಬರೀ ಹುಲ್ಲು. ಭಾರತದ ಹಳ್ಳಿಯನ್ನು ಹಾಡಿ ಹೊಗಳಿದವರಿಗೆ ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಕೊಟ್ಟ ಉತ್ತರ ನಿಮಗೆ ನೆನಪಿದೆ. ಹೊಗಳಿದವರ ಮನಸ್ಸಿನಲ್ಲಿದ್ದದ್ದು ಬಹುಶಃ ಇಂಥದೇ ಒಂದು ಆಟದ ಊರು.

ನಾನು ಹೇಳಹೊರಟದ್ದು ಇದಲ್ಲ. ಸೈನ್ಯ ತಯಾರು ಮಾಡಲು ಹೋದೆ. ಕಾಯುವ ಸಮಯವೇ ಇಲ್ಲ. ಒತ್ತಿದರೆ ಸೈನ್ಯ ಸಿದ್ಧ. 2022ರಲ್ಲಿ ಸೈನ್ಯಕ್ಕೆ ತಗಲುವ ಖರ್ಚನ್ನು ತೆಗೆದರಂತೆ, 2025ರ ಮಾರ್ಚಿನಲ್ಲಿ ಸಮಯವನ್ನೂ ತೆಗೆದರಂತೆ. ಕೆಳಗಿನ ಹಂತದ ಕಟ್ಟಡಗಳಿಗೆ ಹಿಡಿಯುತ್ತಿದ್ದ ದಿನಗಳನ್ನೂ ವರ್ಷದಿಂದ ವರ್ಷಕ್ಕೆ ಇಳಿಸುತ್ತಾ ಬಂದಿದ್ದಾರೆ. ನಮ್ಮ ಕ್ಲ್ಯಾನಿನಲ್ಲಿ ಹಳಬರು ಏಳೆಂಟು ಜನ ಉಳಿದಿದ್ದರು. ಹೊಸದಾಗಿ ಸೇರಿದ್ದ ಪಿಯುಸಿ ಹುಡುಗನೊಬ್ಬ ನಾವು ಮೂರು ವರ್ಷ ಒದ್ದಾಡಿ ಮುಟ್ಟಿದ ಹಂತವನ್ನು ಕೆಲವೇ ತಿಂಗಳಲ್ಲಿ ಮುಟ್ಟಿದ್ದ. ಖುಷಿಯಿಂದ ಅದನ್ನು ಚಾಟ್‌ನಲ್ಲಿ ಹಾಕಿದ. ಅದಕ್ಕೆ ಹಳಬರೊಬ್ಬರ ಉತ್ತರ: 'ನಿಮಗೆಲ್ಲ ಬಿಟ್ಟಿ ಸಿಕ್ತು. ನಾವು ಪಟ್ಟ ಪಾಡು ನಿಮಗೇನು ಗೊತ್ತು.'

ಓದಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಈ ಮಾತನ್ನು ನಾನು ಬೇರೆ ಕಡೆ ಎಷ್ಟೋ ಸಲ ಕೇಳಿದ್ದೇನೆ. ನೀವೂ ಕೇಳಿದ್ದೀರಿ. ಏಪ್ರಿಲ್ 14ರ ವೇದಿಕೆಯಲ್ಲಿ, ಅಂಬೇಡ್ಕರ್ ಭವನದ ಜಗಲಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. 'ನಾವು ಹಾಸ್ಟೆಲಿನ ಹುಳು ಬಿದ್ದ ಅನ್ನ ತಿಂದು ಓದಿದವರು. ಜಾತಿ ಸರ್ಟಿಫಿಕೇಟಿಗೆ ವಾರಗಟ್ಟಲೆ ಅಲೆದವರು. ಈಗಿನವರಿಗೆ ಎಲ್ಲ ಸುಲಭ. ಕೂತಲ್ಲೇ ಮೊಬೈಲಿನಲ್ಲಿ ಆರ್‌ಡಿ ನಂಬರ್ ಬರುತ್ತೆ.' ಇನ್ನೂ ಹಿರಿಯರಾದರೆ ಬೂಸಾ ಪ್ರಕರಣಕ್ಕೆ ಹೋಗುತ್ತಾರೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ರಾಜ್ಯವೇ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. (ಕನ್ನಡ ಎಂ.ಎ. ಓದಿದ ನನಗೆ ಆ ಮಾತು ಅಷ್ಟೇನೂ ತಪ್ಪೆನ್ನಿಸುವುದಿಲ್ಲ. ಅದೂ ಇನ್ನೊಂದು ದಿನಕ್ಕಿರಲಿ.)

ಹೀಗೆ ಹೇಳುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅವರು ಪಟ್ಟದ್ದು ನಿಜ, ಅದರ ಅರ್ಧ ನಮ್ಮ ಕೈಲಿ ಆಗುತ್ತಿತ್ತೋ ಇಲ್ಲವೋ. ಹಾಗಾದರೆ ಆ ಮಾತಿನಲ್ಲಿ ಚುಚ್ಚುವುದು ಯಾವುದು? 'ನಾವು ಕಷ್ಟಪಟ್ಟೆವು' ಎಂಬ ಮೊದಲರ್ಧ ಚುಚ್ಚುವುದಿಲ್ಲ. ಎರಡನೆಯ ಅರ್ಧ ಚುಚ್ಚುತ್ತದೆ. ಕಷ್ಟಪಡದೆ ಪಡೆದದ್ದು ನಿಮ್ಮದಲ್ಲ, ಪೂರಾ ನಿಮ್ಮದಾಗಬೇಕಾದರೆ ನೀವೂ ಅಷ್ಟೇ ಪಾಡು ಪಡಬೇಕಿತ್ತು ಎಂಬ ಅರ್ಥ ಅದರಲ್ಲಿ ಅಡಗಿದೆ. ದುಃಖವನ್ನು ಅಲ್ಲಿ ಪ್ರವೇಶ ಶುಲ್ಕ ಮಾಡಿಬಿಟ್ಟಿದ್ದೇವೆ.

ಬುದ್ಧರ ಬದುಕಿನಲ್ಲೇ ಇದು ನಡೆದಿದೆ. ಉರುವೇಲೆಯಲ್ಲಿ ಆರು ವರ್ಷ ದೇಹ ದಂಡಿಸಿದರು. ಪಕ್ಕೆಲುಬು ಎದ್ದು ಕಾಣುವಷ್ಟು, ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಸಿಗುವಷ್ಟು. ಜೊತೆಗೆ ಐದು ಜನ ತಪಸ್ವಿಗಳಿದ್ದರು, ಕೊಂಡಣ್ಣ ಮೊದಲಾದವರು. ಇದರಿಂದ ದಾರಿ ಸಿಗುವುದಿಲ್ಲ ಎಂದು ತಿಳಿದು ಗೋತಮರು ಊಟ ಮಾಡಿದ ದಿನವೇ ಆ ಐವರು ಬಿಟ್ಟು ಹೋದರು. ಗೋತಮ ಕೆಟ್ಟ, ಸುಖಕ್ಕೆ ಬಿದ್ದ ಎಂಬುದು ಅವರ ದೂರು. ಮುಂದೆ ಸಾರನಾಥದಲ್ಲಿ ಅವರನ್ನು ಹುಡುಕಿಕೊಂಡು ಬಂದಾಗಲೂ, ಎದ್ದು ನಿಲ್ಲುವುದು ಬೇಡ, ಮರ್ಯಾದೆ ಕೊಡುವುದು ಬೇಡ ಎಂದು ಮೊದಲೇ ಮಾತಾಡಿಕೊಂಡಿದ್ದರಂತೆ. ಹತ್ತಿರ ಬಂದಾಗ ಕೂತಿರಲಾಗಲಿಲ್ಲ, ಅದು ಬೇರೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬುದ್ಧರು ಹೇಳದೇ ಬಿಟ್ಟ ಮಾತು. ನಾನು ಆರು ವರ್ಷ ಹಸಿದೆ, ಈಗ ನಿಮ್ಮ ಸರದಿ ಎನ್ನಲಿಲ್ಲ. ಸಂಘಕ್ಕೆ ಸೇರಲು ಆರು ವರ್ಷ ಬೇಡ, ಆರು ತಿಂಗಳ ಉಪವಾಸವನ್ನಾದರೂ ಇಡಬಹುದಿತ್ತು, ಇಡಲಿಲ್ಲ. ಭೋಗವೂ ಬೇಡ, ದೇಹದಂಡನೆಯೂ ಬೇಡ ಎಂದು ಮೊದಲ ಉಪದೇಶದ ಬಾಗಿಲಲ್ಲೇ ಹೇಳಿಬಿಟ್ಟರು. ಹಾಗೆಂದು ಆ ಆರು ವರ್ಷವನ್ನು ಮುಚ್ಚಿಟ್ಟರೇ? ಅದೂ ಇಲ್ಲ. ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ ಅದನ್ನೆಲ್ಲ ತಾವೇ ಬಿಡಿಸಿ ಹೇಳುತ್ತಾರೆ. ಹೇಳುವುದು, ಈ ದಾರಿಯಲ್ಲಿ ನಾನು ಹೋಗಿ ನೋಡಿ ಬಂದಿದ್ದೇನೆ, ನೀವು ಹೋಗಬೇಕಾಗಿಲ್ಲ ಎಂಬುದಕ್ಕೆ.

ಈ ಕಾಯಿಲೆಗೆ ಪಾಲಿಯಲ್ಲಿ ಒಂದು ಹೆಸರಿದೆ: ಮಚ್ಛರಿಯ. ನಮ್ಮ ಅರಿಷಡ್ವರ್ಗದ ಕೊನೆಯ ಮಾತ್ಸರ್ಯವೂ ಇದೂ ಒಂದೇ ಪದ, ಆದರೆ ಕನ್ನಡಕ್ಕೆ ಬರುವ ಹೊತ್ತಿಗೆ ಅರ್ಥ ಸ್ವಲ್ಪ ಜಾರಿದೆ. ಮತ್ಸರ ಎಂದರೆ ನಮಗೆ ಹೊಟ್ಟೆಕಿಚ್ಚು: ಅವನಲ್ಲಿದೆ, ನನ್ನಲ್ಲಿಲ್ಲ. ಮಚ್ಛರಿಯ ಅದರ ಇನ್ನೊಂದು ಮಗ್ಗಲು: ನನ್ನಲ್ಲಿದೆ, ಅವನಿಗೆ ಆಗಬಾರದು. ಜಿಪುಣತನ ಅನ್ನಬಹುದು, ಆದರೆ ದುಡ್ಡಿನದಷ್ಟೇ ಅಲ್ಲ. ಅದರಲ್ಲಿ ಐದು ಬಗೆ ಹೇಳಿದ್ದಾರೆ. ವಾಸಸ್ಥಾನದ್ದು, ಕುಲದ್ದು, ಲಾಭದ್ದು, ಹೊಗಳಿಕೆಯದ್ದು, ಧಮ್ಮದ್ದು. ಮೊದಲನೆಯದು ಹಳೆಯ ಭಿಕ್ಷುವಿನ ಕಾಯಿಲೆ. ವಿಹಾರದಲ್ಲಿ ಮೊದಲು ಬಂದು ನೆಲೆಸಿದವನು ಆಮೇಲೆ ಬಂದವನಿಗೆ ಅಲ್ಲಿ ಅನುಕೂಲವಾಗುವುದನ್ನು ಸಹಿಸುವುದಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಇದಕ್ಕೊಂದು ಹೆಸರಿಡಬೇಕಾಯಿತು ಎಂದರೆ ಆಗಿನ ಸಂಘದಲ್ಲೂ 'ನಾವು ಬಂದಾಗ ಇಲ್ಲಿ ಮೇಲ್ಛಾವಣಿಯೇ ಇರಲಿಲ್ಲ' ಎನ್ನುವ ಹಳಬರು ಇದ್ದಿರಬೇಕು. ಇದಕ್ಕೆ ಎದುರಿನದು ಮುದಿತ. ಇನ್ನೊಬ್ಬರ ಏಳಿಗೆ ಕಂಡು ಹಿಗ್ಗುವುದು. ಮೈತ್ರಿ, ಕರುಣೆ, ಮುದಿತ, ಉಪೇಕ್ಷೆ ನಾಲ್ಕರಲ್ಲಿ ನಮ್ಮ ಸಭೆಗಳಲ್ಲಿ ಮೈತ್ರಿ, ಕರುಣೆಯ ಮೇಲೆ ಭಾಷಣ ಕೇಳಿದ್ದೇನೆ. ಮುದಿತದ ಮೇಲೆ ಕೇಳಿದ ನೆನಪಿಲ್ಲ. ಬಿದ್ದವನನ್ನು ಕಂಡು ಮರುಗುವುದು ಅಷ್ಟು ಕಷ್ಟವಲ್ಲ. ನಾವು ತೆವಳಿಕೊಂಡು ಹತ್ತಿದ ಮೆಟ್ಟಿಲನ್ನು ಅವನು ನೆಗೆದು ಹತ್ತುವಾಗ ಹಿಗ್ಗುವುದು ಕಷ್ಟ.

ನಮಗೆ ಇದು ಬರೀ ಒಳಮನಸ್ಸಿನ ಸಾಧನೆಯ ಮಾತಲ್ಲ, ಬಂಧುಗಳೇ. 'ನಿಮಗೆಲ್ಲ ಸುಲಭವಾಗಿ ಸಿಗುತ್ತಲ್ಲ' ಎಂಬ ಮಾತನ್ನು ನಮ್ಮ ಮಕ್ಕಳು ಈಗಾಗಲೇ ಬೇರೆಯವರ ಬಾಯಲ್ಲಿ ಕೇಳುತ್ತಿದ್ದಾರೆ. ಕಾಲೇಜಿನ ಸೀಟು ಸಿಕ್ಕ ದಿನ, ಕೆಲಸದ ಪಟ್ಟಿ ಬಂದ ದಿನ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಅದು ನಗುನಗುತ್ತಲೇ ಬರುತ್ತದೆ. ಅದಕ್ಕೆ ಉತ್ತರ ಹುಡುಕಿಕೊಂಡು ಮಗು ಮನೆಗೆ ಬಂದರೆ ಅಲ್ಲಿ ದೊಡ್ಡಪ್ಪನೂ ಅದೇ ಮಾತು ಆಡುತ್ತಾನೆ. ಆಡುವವರ ಉದ್ದೇಶ ಬೇರೆ ಬೇರೆ. ಒಬ್ಬನಿಗೆ ಹಕ್ಕನ್ನು ಭಿಕ್ಷೆ ಎನ್ನಬೇಕಾಗಿದೆ, ಇನ್ನೊಬ್ಬರಿಗೆ ತಮ್ಮ ಬೆವರನ್ನು ಯಾರಾದರೂ ಗುರುತಿಸಬೇಕಾಗಿದೆ. ಮಗುವಿನ ಕಿವಿಗೆ ಬೀಳುವುದು ಮಾತ್ರ ಒಂದೇ ವಾಕ್ಯ, ಎರಡು ಕಡೆಯಿಂದ. ತರಗತಿಯಲ್ಲಿ ಇಂಥ ಮಕ್ಕಳನ್ನು ನೋಡಿದ್ದೇನೆ. ಬಹುಮಾನ ಬಂದರೂ ಸಂಕೋಚದಿಂದ ಈಸಿಕೊಳ್ಳುತ್ತಾರೆ, ಯಾರದೋ ವಸ್ತು ತೆಗೆದುಕೊಂಡವರ ಹಾಗೆ.

ಇನ್ನು ಸುಲಭ ಎಂಬುದಾದರೂ ಎಷ್ಟು ನಿಜ? ಮತ್ತೆ ಆಟಕ್ಕೇ ಬರುತ್ತೇನೆ. ನಾವು ಆಡಲು ಶುರು ಮಾಡಿದಾಗ ಟೌನ್ ಹಾಲಿನ ಕೊನೆಯ ಹಂತ 10. 2024ರ ನವೆಂಬರಿನಲ್ಲಿ 17 ಬಂತು. ಹತ್ತನೆಯ ಹಂತ ಮುಟ್ಟಿದ ಹುಡುಗ ನಮ್ಮ ಕಣ್ಣಿಗೆ ಗುರಿ ತಲುಪಿದ ಹಾಗೆ ಕಾಣುತ್ತಾನೆ; ಅವನ ಲೆಕ್ಕದಲ್ಲಿ ಇನ್ನೂ ಎಷ್ಟೋ ಬೆಟ್ಟ ಹತ್ತಬೇಕು. ಕಂಪನಿ ಕೆಳಗಿನ ದಾರಿ ಸಲೀಸು ಮಾಡಿದ್ದು ದಯೆಯಿಂದಲೂ ಅಲ್ಲ, ಹೊಸಬರು ನಡುದಾರಿಯಲ್ಲಿ ಬಿಟ್ಟು ಹೋಗಬಾರದು ಎಂಬ ವ್ಯಾಪಾರದಿಂದ ಎಂದೇ ನನ್ನ ಎಣಿಕೆ. ಹಳಬರಿಗೆ ತಾವು ಹತ್ತಿದ ಗೋಡೆ ಮಾತ್ರ ಕಾಣುತ್ತದೆ. ಆ ಗೋಡೆ ಈಗ ಮೊಣಕಾಲೆತ್ತರ ಆಗಿದೆ ಎಂದು ಗೊಣಗುತ್ತಾರೆ. ಅದರಾಚೆ ಎದ್ದ ಹೊಸ ಗೋಡೆ ಅವರ ಲೆಕ್ಕಕ್ಕೇ ಬಂದಿಲ್ಲ.

ಜಾತಿ ಸರ್ಟಿಫಿಕೇಟನ್ನು ಮೊಬೈಲಿನಲ್ಲಿ ಪಡೆದ ನಮ್ಮ ಹುಡುಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬಾಡಿಗೆ ಮನೆ ಕೇಳಿದರೆ, 'ನಿಮ್ಮದು ಯಾವ ಜನ? ಮಾಂಸ ಗೀಂಸ ಮಾಡ್ತೀರಾ?' ಎಂಬ ಪ್ರಶ್ನೆ ಕಾದಿರುತ್ತದೆ. ಅವಳ ಅಪ್ಪ ಕಚೇರಿ ಬಾಗಿಲಲ್ಲಿ ಕಾದ. ಇವಳು ಬೀದಿ ಬೀದಿ ಸುತ್ತುತ್ತಾಳೆ. ಅಪ್ಪನಿಗೆ ಜೊತೆಗೆ ಕೇರಿಯ ಹತ್ತು ಜನ ಇದ್ದರು, ಬೈದುಕೊಳ್ಳಲಾದರೂ. ಇವಳು ಪಿಜಿಯ ಕೋಣೆಯಲ್ಲಿ ಒಬ್ಬಳೇ. ಯಾರದು ಹೆಚ್ಚು ಎಂದು ತೂಕ ಹಾಕುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಬ್ಬರು ಕೇಳಿಯೇ ಕೇಳುತ್ತಾರೆ: ಹಾಗಾದರೆ ಹಳೆಯದನ್ನೆಲ್ಲ ಮರೆತುಬಿಡಬೇಕೇ? ಇತಿಹಾಸ ಗೊತ್ತಿಲ್ಲದ ಮಕ್ಕಳನ್ನು ಬೆಳೆಸಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು, ಸಾವಿರಾರು ಜನ ಹಿಂದೆ ನಡೆದರು, ಅದಕ್ಕಾಗಿ ಹೊಡೆತ ತಿಂದರು. ಶಾಲೆಯಲ್ಲಿದ್ದಾಗ ಜವಾನ ಬಂದು ಮೇಲಿಂದ ಸುರಿದರೆ ಮಾತ್ರ ನೀರು, ಜವಾನ ಬಾರದ ದಿನ ನೀರೇ ಇಲ್ಲ ಎಂದು ಅವರೇ ಬರೆದಿಟ್ಟಿದ್ದಾರೆ. ಇದು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು. ಆದರೆ ನಲ್ಲಿ ತಿರುಗಿಸಿ ನೀರು ಕುಡಿಯುವ ಮಗುವನ್ನು ನೋಡಿ, ಮಹಾಡದ ಏಟು ತಿನ್ನದೆ ಇದಕ್ಕೆ ನೀರು ಸಿಕ್ಕಿತಲ್ಲ ಎಂದು ಯಾರಾದರೂ ಕೊರಗುತ್ತೇವೆಯೇ? ಏಟು ತಿಂದದ್ದೇ ಆ ಮಗು ಹೀಗೆ ಲಕ್ಷ್ಯವಿಲ್ಲದೆ ನಲ್ಲಿ ತಿರುಗಿಸಲಿ ಎಂದು. ನೀರಿನ ವಿಷಯದಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗುವುದು ಹಾಸ್ಟೆಲು, ಸ್ಕಾಲರ್‌ಶಿಪ್ಪು, ಸರ್ಟಿಫಿಕೇಟಿನ ವಿಷಯಕ್ಕೆ ಬಂದಾಗ ಏಕೆ ಮಸುಕಾಗುತ್ತದೆ? ಮಹಾಡ ನಮ್ಮೆಲ್ಲರದು, ಸರ್ಟಿಫಿಕೇಟಿನ ಸಾಲು 'ನನ್ನದು', ಅದಕ್ಕೇ ಇರಬೇಕು. ದುಃಖಕ್ಕೂ 'ನನ್ನದು' ಎಂಬ ಹಣೆಪಟ್ಟಿ ಅಂಟುತ್ತದೆ. ಆಸ್ತಿ ಬಿಡುವುದಕ್ಕಿಂತ ಇದನ್ನು ಬಿಡುವುದು ಕಷ್ಟ. ಆಸ್ತಿ ಇಲ್ಲದವನಿಗೆ ಇರುವ ಆಸ್ತಿ ಅದೊಂದೇ ಆಗಿರುತ್ತದೆ.

ಕ್ಲ್ಯಾನಿನ ಚಾಟ್ ಅಲ್ಲಿಗೇ ಮುಗಿಯಲಿಲ್ಲ. 'ಬಿಟ್ಟಿ ಸಿಕ್ತು' ಎಂಬುದಕ್ಕೆ ಆ ಪಿಯುಸಿ ಹುಡುಗ ಜಗಳ ಆಡಲಿಲ್ಲ. ಆ ಆಟದಲ್ಲಿ ಪ್ರತಿ ಡಿಸೆಂಬರಿನಲ್ಲಿ ಒಂದು ಹೊಸ ಬಗೆಯ ಕ್ರಿಸ್ಮಸ್ ಮರ ಬೆಳೆಯುತ್ತದೆ. ಕಡಿಯದೆ ಬಿಟ್ಟರೆ ಹಾಗೇ ಉಳಿಯುತ್ತದೆ. ಆ ವರ್ಷ ಆಡದವರಿಗೆ ಆ ಮರವಿಲ್ಲ. ಹುಡುಗ ಹಳಬರ ಊರಿಗೆ ಹೋಗಿ ನೋಡಿ ಬಂದು ಬರೆದ: 'ಅಣ್ಣ, ನಿಮ್ಮ ಊರಲ್ಲಿ 2014ರ ಮರ ಇದೆ. ಆಗ ನಾನು ಒಂದನೇ ಕ್ಲಾಸು. ಆಗ ಆಟ ಹೆಂಗಿತ್ತು?' ಅವತ್ತು ರಾತ್ರಿ ಆ ಹಳಬರು ಬರೆದದ್ದು ಮೂವತ್ತು ನಲವತ್ತು ಮೆಸೇಜು. ಅರ್ಧ ಗಂಟೆಯ ಡ್ರ್ಯಾಗನ್, ರಾತ್ರಿ ಪಾಳಿ, ಎಂಬಿ ಲೆಕ್ಕ, ಎಲ್ಲ ಬಂತು. ಅದರಲ್ಲಿ ಎಲ್ಲೂ ಕಹಿ ಇರಲಿಲ್ಲ. ಕೇಳುವವರು ಸಿಕ್ಕರೆ ಅಷ್ಟೇ ಸಾಕಾಗಿತ್ತೋ ಏನೋ.

ನಮ್ಮಲ್ಲೂ ಒಬ್ಬರು ಹಿರಿಯರಿದ್ದಾರೆ, ನಿವೃತ್ತ ನೌಕರರು. ಹೆಸರು ಹಾಕಿದರೆ ಬೈಯುತ್ತಾರೆ. ಜೂನ್ ಜುಲೈ ಬಂತೆಂದರೆ ಅವರ ಮನೆಯ ಜಗಲಿಯಲ್ಲಿ ಮಕ್ಕಳ ಸಾಲು. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತಾರೆ. ಅರವತ್ತು ದಾಟಿದ ಮೇಲೆ ಮೊಮ್ಮಗಳಿಂದ ಕಲಿತದ್ದು. ಸೈಬರ್ ಸೆಂಟರಿಗೆ ಕೊಡುವ ಐವತ್ತು ನೂರು ಮಕ್ಕಳಿಗೆ ಉಳಿಯಲಿ ಎಂದು. ಹೋದ ವರ್ಷ ಒಬ್ಬಳು ಹುಡುಗಿ ಅರ್ಜಿ ತುಂಬಿಸುತ್ತಾ ಕೇಳಿದಳು, 'ತಾತ, ನಿಮ್ ಕಾಲ್ದಲ್ಲಿ ಸ್ಕಾಲರ್‌ಶಿಪ್ ಹೆಂಗ್ ಬತ್ತಿತ್ತು?'

ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡು ಅವರೆಂದರು: 'ಅದು ದೊಡ್ಡ ಕತ ಕನವ್ವ, ಆಮೇಲ ಹೇಳ್ತೀನಿ. ಮೊದ್ಲು ಓಟಿಪಿ ಏನ್ ಬಂತು ನೋಡ್ಹೇಳು, ಟೈಮ್ ಆಗೋಯ್ತದ.'

ಭವತು ಸಬ್ಬ ಮಂಗಲಂ. ಜೈ ಭೀಮ್.